ಹೆಸರು ಕಳೆದುಕೊಂಡ ಕಲ್ಲುಗಳು

(ಬಾನುಲಿ ಭಾಷಣ)

ಮನುಷ್ಯನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಆಮೇಲೆ ಯಾರೂ ಬಂದು ಕಿತ್ತುಕೊಳ್ಳುವುದಿಲ್ಲ. ಹೆಸರು ಧರ್ಮರಾಯ ಎಂದಿದ್ದು ನಡತೆ ಬೇರೆಯಾಗಿದ್ದರೂ ಕೊನೆಯವರೆಗೆ ಆತ ಧರ್ಮರಾಯನೇ. ಖನಿಜಗಳ ಲೋಕದಲ್ಲಿ ಈ ಔದಾರ್ಯಕ್ಕೆ ಎಡೆಯಿಲ್ಲ. ಅಲ್ಲಿ ಹೆಸರೆಂಬುದು ಒಂದು ವಾದ. 'ಇದು ಈ ಮೊದಲು ಯಾರೂ ಗುರುತಿಸದಿದ್ದ ವಸ್ತು, ಗೊತ್ತಿರುವ ಬೇರೆ ಯಾವುದರೊಂದಿಗೂ ಇದನ್ನು ಸೇರಿಸಲಾಗದು' ಎಂಬ ವಾದ. ವಾದ ನಿಂತರೆ ಹೆಸರು ನಿಲ್ಲುತ್ತದೆ. ವಾದ ಬಿದ್ದರೆ, ಐವತ್ತು ನೂರು ವರ್ಷ ಗ್ರಂಥಗಳಲ್ಲಿ ಅಚ್ಚಾದ ಹೆಸರಾದರೂ ಸರಿಯೆ, ಪಟ್ಟಿಯಿಂದ ಹೊರಬೀಳುತ್ತದೆ. ಇಂದು ಲೋಕದ ವಿದ್ವಾಂಸರು ಒಪ್ಪಿರುವ ಖನಿಜಗಳು ಸುಮಾರು 6,000. ಹೊರಬಿದ್ದ ಹೆಸರುಗಳ ಪಟ್ಟಿಯೂ ಸಾಕಷ್ಟು ಉದ್ದವಾದದ್ದೇ.

ಆ ಎರಡನೆಯ ಪಟ್ಟಿಯಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಎರಡು ಹೆಸರುಗಳಿವೆ. ಒಂದು ಮೈಸೋರಿನ್, ಮೈಸೂರಿನ ಹೆಸರನ್ನು ಹೊತ್ತದ್ದು. ಇನ್ನೊಂದು ಬಾಬಾಬುಡನೈಟ್; ಚಿಕ್ಕಮಗಳೂರಿನ ಬಾಬಾಬುಡನ್ ಬೆಟ್ಟಗಳ ಹೆಸರನ್ನು ಹೊತ್ತದ್ದು. ಒಂದು ಕಾಲದಲ್ಲಿ ಯೂರೋಪಿನ ಖನಿಜಶಾಸ್ತ್ರದ ದೊಡ್ಡ ಗ್ರಂಥಗಳನ್ನು ತೆರೆದವರಿಗೆ ಇವೆರಡೂ ಅಪರೂಪದ ಖನಿಜಗಳೆಂದು ಕಾಣುತ್ತಿದ್ದವು. ಇಂದು ಎರಡೂ ಇಲ್ಲ. ಅವು ಹೇಗೆ ಬಂದವು, ಏಕೆ ಹೋದವು, ಹೋದದ್ದು ನ್ಯಾಯವೇ ಎಂಬುದು ನಾನು ಈ ಹೊತ್ತು ವಿಚಾರಮಾಡಬೇಕೆಂದಿರುವ ವಿಷಯ.

ಅದಕ್ಕೆ ಮುನ್ನ ಖನಿಜವೆಂದರೇನು ಎಂಬುದನ್ನು ಒಂದಿಷ್ಟು ತಿಳಿಯಾಗಿಸಿಕೊಳ್ಳುವುದು ಒಳ್ಳೆಯದು. ದೂರ ಹೋಗಬೇಕಾಗಿಲ್ಲ. ತುಮಕೂರಿನ ಬಟವಾಡಿಯಲ್ಲಿ, ನಮ್ಮ ಬೀದಿಯಲ್ಲಿ, ಯಾರಾದರೊಬ್ಬರು ಮನೆ ಕಟ್ಟಿಸುತ್ತಲೇ ಇರುತ್ತಾರೆ. ರಸ್ತೆಯ ಬದಿಗೆ ಜಲ್ಲಿಯ ರಾಶಿ ಬಿದ್ದೇ ಇರುತ್ತದೆ. ಆ ರಾಶಿಯಿಂದ ಒಂದು ಚೂರನ್ನು ಆಯ್ದು ಬಿಸಿಲಿಗೆ ಹಿಡಿದು ನೋಡಿ. ಅದು ಒಂದೇ ವಸ್ತುವಲ್ಲ. ಗಾಜಿನಂತೆ ಹೊಳೆಯುವ ಬಿಳಿಯ ಕಣಗಳುಂಟು, ಅವು ಬೆಣಚು. ಮಾಸಲು ಬಿಳುಪಿನ ಅಥವಾ ನಸುಗೆಂಪಿನ, ನೆಟ್ಟನೆ ಸೀಳುವ ಕಣಗಳುಂಟು, ಅವು ಫೆಲ್ಡ್‌ಸ್ಪಾರ್. ನಡುನಡುವೆ ಮಿಣುಕುವ ಕಪ್ಪು ರೇಕುಗಳು ಅಭ್ರಕ. ಈ ಮೂರೂ ಖನಿಜಗಳು. ಅವು ಕೂಡಿ ಆದ ಜಲ್ಲಿಯ ಚೂರು ಶಿಲೆ. ಚಿತ್ರಾನ್ನಕ್ಕೂ ಅದರಲ್ಲಿರುವ ಅಕ್ಕಿ, ಸಾಸಿವೆ, ಕಡಲೆಗಳಿಗೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಶಿಲೆಯಲ್ಲಿ ಪ್ರಮಾಣಗಳು ಹೆಚ್ಚು ಕಡಿಮೆಯಾಗಬಹುದು. ಖನಿಜಕ್ಕೆ ತನ್ನದೇ ಆದ ನಿಯತವಾದ ರಚನೆಯಿರಬೇಕು.

ನಮ್ಮ ಜನ ಕಲ್ಲುಗಳಿಗೆ ಹೆಸರಿಡುವಲ್ಲಿ ಹಿಂದೆ ಬಿದ್ದವರಲ್ಲ. ಬೆಣಚು, ಬಳಪ, ಸುಣ್ಣಕಲ್ಲು, ಸಾಣೆಕಲ್ಲು, ಜಂಬಿಟ್ಟಿಗೆ, ಕಾಗೆಬಂಗಾರ. ಅಭ್ರಕಕ್ಕೆ ಕಾಗೆಬಂಗಾರವೆಂದು ಹೆಸರಿಟ್ಟವನು ಯಾರೋ, ಅವನಿಗೆ ಕಣ್ಣೂ ಇತ್ತು, ನಗೆಯೂ ಇತ್ತು. ಆದರೆ ಈ ಹೆಸರುಗಳೆಲ್ಲ ಹುಟ್ಟಿದ್ದು ಕಣ್ಣಿಗೆ ಕಂಡ ರೂಪದಿಂದ, ಕೈಗೆ ಬಂದ ಉಪಯೋಗದಿಂದ. ಶಾಸ್ತ್ರ ಕೇಳುವುದು ಬೇರೆ ಎರಡು ಪ್ರಶ್ನೆಗಳನ್ನು. ಇದು ಯಾವ ಧಾತುಗಳಿಂದ ಆಗಿದೆ? ಆ ಧಾತುಗಳ ಪರಮಾಣುಗಳು ಒಳಗೆ ಯಾವ ಕ್ರಮದಲ್ಲಿ ಕುಳಿತಿವೆ? ವಜ್ರವೂ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟೂ ಕೇವಲ ಇಂಗಾಲವೇ. ಪರಮಾಣುಗಳು ಕುಳಿತ ಕ್ರಮ ಬೇರೆಯಾದ್ದರಿಂದ ಅವು ಎರಡು ಖನಿಜಗಳು. ಎರಡನೆಯ ಪ್ರಶ್ನೆಗೆ ನೇರವಾದ ಉತ್ತರ ದೊರೆಯತೊಡಗಿದ್ದು 1912ರಲ್ಲಿ ಹರಳುಗಳ ಮೂಲಕ ಎಕ್ಸ್-ಕಿರಣ ಹಾಯಿಸುವುದನ್ನು ಕಂಡುಕೊಂಡ ಮೇಲೆ. ನಮ್ಮ ಎರಡು ಕಲ್ಲುಗಳಿಗೂ ಹೆಸರಿಟ್ಟದ್ದು ಅದಕ್ಕೆ ಮೊದಲು ಎಂಬುದನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೈಸೋರಿನ್ನಿನ ಕಥೆ 1814ಕ್ಕೆ ಸೇರಿದ್ದು. ಟಿಪ್ಪುವಿನ ಪತನದ ಅನಂತರ ಮೈಸೂರು ಸೀಮೆಯ ಅಳತೆಯನ್ನು ಕರ್ನಲ್ ಮೆಕೆಂಜಿ ಅವರಿಗೆ ಒಪ್ಪಿಸಿದಾಗ, ಅವರ ಜೊತೆಯಲ್ಲಿದ್ದವರು ಬೆಂಜಮಿನ್ ಹೈನ್ ಎಂಬ ಜರ್ಮನ್ ಮೂಲದ ವೈದ್ಯರು. ಸಸ್ಯಶಾಸ್ತ್ರದಲ್ಲಿ ಅವರಿಗೆ ಹೆಚ್ಚಿನ ಆಸಕ್ತಿ. ಬೆಂಗಳೂರಿನ ಲಾಲ್‌ಬಾಗ್ ಕೂಡ ಕೆಲಕಾಲ ಅವರ ಮೇಲ್ವಿಚಾರಣೆಯಲ್ಲಿತ್ತು. ಗಿಡಮೂಲಿಕೆಯ ಜೊತೆಗೆ ಕಲ್ಲು, ಅದಿರು, ಕುಲುಮೆ, ಹೊಲಗದ್ದೆ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದ ಆ ಕಾಲದ ಬಹುಮುಖ ವಿದ್ವಾಂಸರಲ್ಲಿ ಅವರೊಬ್ಬರು. ಮೈಸೂರು ಸೀಮೆಯದೆಂದು ಅವರು ಕೊಂಡೊಯ್ದ ಒಂದು ತಾಮ್ರದ ಅದಿರು ಥಾಮಸ್ ಥಾಮ್ಸನ್ ಅವರ ಕೈ ಸೇರಿತು.

ಥಾಮ್ಸನ್ನರು ಸಾಮಾನ್ಯ ರಸಾಯನಜ್ಞರಲ್ಲ. ಡಾಲ್ಟನ್ನರ ಪರಮಾಣುವಾದವನ್ನು ಸ್ವತಃ ಡಾಲ್ಟನ್ನರಿಗಿಂತ ಮೊದಲು, 1807ರಲ್ಲಿ, ಅಚ್ಚಿನಲ್ಲಿ ಲೋಕದ ಮುಂದಿಟ್ಟವರು ಅವರು. ಮುಂದೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಅವರು ಈ ಅದಿರನ್ನು ಒಡೆದು, ಕರಗಿಸಿ, ತೂಗಿ, 1814ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ತಾಮ್ರದ ಅದಿರಿನ ಒಂದು ಹೊಸ ಜಾತಿ ಎಂಬುದೇ ಅದರ ವಿಷಯ. ಕಲ್ಲು ಕಪ್ಪುಮಿಶ್ರಿತ ಕಂದು ಬಣ್ಣದ್ದು. ಅಲ್ಲಲ್ಲಿ ಹಸಿರು, ಅಲ್ಲಲ್ಲಿ ಕೆಂಪು ಬೆರೆತದ್ದು. ನೂರು ಭಾಗದಲ್ಲಿ ತಾಮ್ರದ ಆಕ್ಸೈಡು 60.75, ಇಂಗಾಲಾಮ್ಲ 16.70; ಕಬ್ಬಿಣದ ಆಕ್ಸೈಡು 19.50, ಮರಳಿನ ಅಂಶ 2.10. ಉಳಿದ ಒಂದಕ್ಕೂ ಕಡಿಮೆ ಭಾಗ ತೂಕದಲ್ಲಿ ಸೋರಿಹೋದ ನಷ್ಟ. ನೀರು ಇಲ್ಲ.

'ನೀರು ಇಲ್ಲ' ಎಂಬುದೇ ಇಡೀ ವಾದದ ಕೀಲು. ತಾಮ್ರವೂ ಇಂಗಾಲಾಮ್ಲವೂ ಕೂಡಿದ ಹಸಿರು ಕಲ್ಲು ಮ್ಯಾಲಕೈಟ್ ಎಂಬ ಹೆಸರಿನಿಂದ ಪ್ರಾಚೀನ ಕಾಲದಿಂದ ಎಲ್ಲರಿಗೂ ಗೊತ್ತು. ಆದರೆ ಮ್ಯಾಲಕೈಟಿನಲ್ಲಿ ನೂರಕ್ಕೆ ಎಂಟು ಭಾಗದಷ್ಟು ನೀರಿನ ಅಂಶ ಕೂಡಿಕೊಂಡಿರುತ್ತದೆ. ಮೈಸೂರಿನ ಕಲ್ಲಿನಲ್ಲಿ ಅದು ಇಲ್ಲವಾದರೆ ಅದು ಮ್ಯಾಲಕೈಟ್ ಅಲ್ಲ. ನಿರ್ಜಲವಾದ, ಬೇರೆಯೇ ಒಂದು ಖನಿಜ. 1832ರಲ್ಲಿ ಫ್ರಾನ್ಸಿನ ಬ್ಯೂಡಾಂ ಅವರು ತಮ್ಮ ಖನಿಜಶಾಸ್ತ್ರದ ಗ್ರಂಥದಲ್ಲಿ ಅದಕ್ಕೆ ಮೈಸೂರಿನ ಹೆಸರನ್ನು ಕೊಟ್ಟರು. ಅವರು ಮೈಸೂರನ್ನು ನೋಡಿದವರಲ್ಲ. ಕಲ್ಲು ತೆಗೆದವರೊಬ್ಬರು, ತೂಗಿದವರೊಬ್ಬರು, ಹೆಸರಿಟ್ಟವರು ಮತ್ತೊಬ್ಬರು. ಆ ಕಾಲಕ್ಕೆ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ.

ಇಲ್ಲಿ ನನಗೆ ನಮ್ಮ ಊರಿನ ನೆರೆಯ ಒಂದು ಐತಿಹ್ಯ ನೆನಪಾಗುತ್ತದೆ. ತುಮಕೂರಿನಿಂದ ಕುಣಿಗಲ್ಲಿನ ಹಾದಿ ಹಿಡಿದರೆ ಗೂಳೂರಿನ ಬಳಿ ಕೈದಾಳವಿದೆ. ಅಲ್ಲಿ 12ನೆಯ ಶತಮಾನದ ಚೆನ್ನಕೇಶವನ ಗುಡಿಯಿದೆ. ಜಕಣಾಚಾರಿಯ ಕಥೆಯನ್ನು ಕೇಳದ ಕನ್ನಡಿಗರಾರು? ಬೇಲೂರಿನಲ್ಲಿ ಆತ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ಹೇಳಿದ. ಪರೀಕ್ಷೆಗೆಂದು ವಿಗ್ರಹಕ್ಕೆಲ್ಲ ಗಂಧವನ್ನು ಬಳಿದರು. ಮೈಯ ಗಂಧವೆಲ್ಲ ಒಣಗಿತು; ಹೊಕ್ಕುಳ ಸುತ್ತಿನದು ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟಾಗ ಒಳಗಿನಿಂದ ನೀರು ಬಂತು, ಕಪ್ಪೆಯೊಂದು ಹೊರಕ್ಕೆ ನೆಗೆಯಿತು. ಮಾತು ಕೊಟ್ಟಿದ್ದ ಶಿಲ್ಪಿ ತನ್ನ ಬಲಗೈಯನ್ನು ತಾನೇ ಕತ್ತರಿಸಿಕೊಂಡ; ಆ ಹುಡುಗ ತನ್ನ ಮಗನೇ ಎಂಬುದು ಆಮೇಲೆ ತಿಳಿಯಿತು; ಹೋದ ಕೈ ಮರಳಿ ಬಂದದ್ದು ಈ ಊರಿನಲ್ಲಿ, ಆದ್ದರಿಂದ ಇದು ಕೈದಾಳ. ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ನಾನೂ ಅದನ್ನು ಚರಿತ್ರೆಯೆಂದು ಹೇಳುತ್ತಿಲ್ಲ. ಆದರೆ ಕಲ್ಲಿನೊಳಗೆ ಅಡಗಿದ ನೀರನ್ನು ಕಾಣದೆ ಹೋದ ಒಬ್ಬ ನಿಪುಣನ ಕಥೆ ಅದು ಎಂಬುದನ್ನು ಗಮನಿಸಿ.

ಥಾಮ್ಸನ್ನರಿಗೆ ಆದದ್ದೂ ಅದೇ. 1851ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ವಿದ್ವಾಂಸರಾದ ಮ್ಯಾಲೆಟ್ ಅವರು 1879ರಲ್ಲಿ, ನೆಲ್ಲೂರು ಜಿಲ್ಲೆಯಿಂದ ಬಂದ ಇದೇ ಬಗೆಯ ಕಲ್ಲನ್ನು ಮತ್ತೆ ಪರೀಕ್ಷೆಗೆ ಎತ್ತಿಕೊಂಡರು. ಅವರ ತೀರ್ಮಾನ ನೇರವಾದದ್ದು: ಮೈಸೋರಿನ್ ಎಂಬುದು ಬೇರೆ ಖನಿಜವಲ್ಲ, ಕಬ್ಬಿಣ ಮುಂತಾದವು ಬೆರೆತು ಕೊಳೆಯಾದ ಮ್ಯಾಲಕೈಟ್ ಅಷ್ಟೇ. ನೀರು ಅದರಲ್ಲಿ ಇದ್ದೇ ಇತ್ತು.

ಈ ನೀರೆಂಬುದು ಕೈದಾಳದ ಕಥೆಯ ನೀರಿನಂತೆ ಪೊಟರೆಯಲ್ಲಿ ನಿಂತದ್ದಲ್ಲ, ನಿಜ. ಅದು ಜಲಜನಕ ಆಮ್ಲಜನಕಗಳ ಜೋಡಿಯಾಗಿ ಹರಳಿನ ಹೆಣಿಗೆಯಲ್ಲೇ ಸೇರಿಹೋಗಿರುತ್ತದೆ; ಕಲ್ಲನ್ನು ಮುಟ್ಟಿದರೆ ಒದ್ದೆಯಾಗಿ ಕಾಣದು. ಮ್ಯಾಲಕೈಟಿನ ಪುಡಿಯನ್ನು ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಯಲ್ಲಿ ಹಾಕಿ ಕಾಸಿದರೆ ಪುಡಿ ಕಪ್ಪಾಗುತ್ತದೆ, ಕೊಳವೆಯ ತಣ್ಣನೆಯ ಮೇಲ್ಭಾಗದಲ್ಲಿ ಮಂಜಿನಂತೆ ಹನಿಗಳು ಕೂಡುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಾವ ವಿದ್ಯಾರ್ಥಿಯೂ ಮಾಡಬಹುದಾದ ಪರೀಕ್ಷೆ ಇದು.

ಆಶ್ಚರ್ಯದ ಸಂಗತಿಯೆಂದರೆ, ಸತ್ಯ ಥಾಮ್ಸನ್ನರ ಅಂಕಿಗಳಲ್ಲೇ ಇತ್ತು. ಅವರ 60.75ನ್ನು 16.70ರಿಂದ ಭಾಗಿಸಿ ನೋಡಿ, ಬರುವುದು 3.64. ಶುದ್ಧ ಮ್ಯಾಲಕೈಟಿನಲ್ಲಿ ತಾಮ್ರದ ಆಕ್ಸೈಡು 71.9, ಇಂಗಾಲಾಮ್ಲ 19.9, ಭಾಗಿಸಿದರೆ 3.61. ಎರಡರ ಅನುಪಾತವೂ ಒಂದೇ ಎಂದರೆ ತಪ್ಪಾಗಲಾರದು. ಹಾಗಾದರೆ ಆ ತಾಮ್ರಕ್ಕೆ ತಕ್ಕ ಏಳು ಭಾಗ ನೀರನ್ನು ಸೇರಿಸಿದರೆ ಮೊತ್ತ ನೂರನ್ನು ಮೀರುವುದಲ್ಲ ಎಂದು ಲೆಕ್ಕದಲ್ಲಿ ಚುರುಕಾದ ಕೇಳುಗರು ಆಕ್ಷೇಪಿಸಬಹುದು. ಮೀರುತ್ತದೆ, ಬೇರೆ ಯಾವುದೋ ಒಂದು ಅಳತೆ ಹೆಚ್ಚಾಗಿ ಬಂದು ನೀರಿನ ಜಾಗವನ್ನು ತುಂಬಿತ್ತು. ಮೊತ್ತ ನೂರರ ಹತ್ತಿರ ಬಂದಾಗ ಲೆಕ್ಕ ಸರಿಹೋಯಿತೆಂದು ನಂಬುವುದು ಮನುಷ್ಯಸ್ವಭಾವ. ಜಮಾಖರ್ಚು ಬರೆಯುವ ಗುಮಾಸ್ತರಿಗೆ ಇದು ಚೆನ್ನಾಗಿ ಗೊತ್ತು. ಎರಡು ತಪ್ಪುಗಳು ಸೇರಿ ತಾಳೆಯಾದ ಲೆಕ್ಕದಷ್ಟು ಅಪಾಯಕಾರಿಯಾದದ್ದು ಇನ್ನೊಂದಿಲ್ಲ.

ಇನ್ನೊಂದು ಮಾತು. ನೀರಿನ ಸೋಂಕಿಲ್ಲದ ಶುದ್ಧ ತಾಮ್ರದ ಕಾರ್ಬೊನೇಟನ್ನು ಪ್ರಯೋಗಶಾಲೆಯಲ್ಲಿ ನಿಸ್ಸಂದೇಹವಾಗಿ ತಯಾರಿಸಲು ಸಾಧ್ಯವಾದದ್ದು 1973ರಲ್ಲಿ. ಅದಕ್ಕೆ 500 ಡಿಗ್ರಿ ಉಷ್ಣತೆಯೂ ವಾಯುಭಾರದ ಸುಮಾರು 20,000 ಪಟ್ಟು ಒತ್ತಡವೂ ಬೇಕಾದವು. ಅಂಥ ವಸ್ತು ನೆಲದ ಮೇಲ್ಪದರದ ಮಳೆಬಿಸಿಲಿನ ಕಲ್ಲಿನಲ್ಲಿ ಸುಮ್ಮನೆ ಬಿದ್ದಿರುವುದು ಸಾಧ್ಯವೇ ಇರಲಿಲ್ಲ. ಮೈಸೋರಿನ್ ಅತ್ಯಂತ ಅಪರೂಪದ ಖನಿಜವೆನಿಸಿತ್ತು. ಇಲ್ಲದ್ದಕ್ಕಿಂತ ಅಪರೂಪವಾದದ್ದು ಯಾವುದಿದ್ದೀತು! ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಇಲ್ಲಿ ತಿರುವಿ ಹೇಳಬೇಕು: ಹೆಸರು ನಿರ್ಜಲ, ಒಳಗೆಲ್ಲ ನೀರು.

ವಿಧಿಯ ಹಾಸ್ಯವೆಂದರೆ ಥಾಮ್ಸನ್ನರ ಗೌರವಾರ್ಥ 1820ರಲ್ಲಿ ಥಾಮ್ಸನೈಟ್ ಎಂದು ಒಂದು ಖನಿಜಕ್ಕೆ ಹೆಸರಿಡಲಾಯಿತು. ಅದು ಜಿಯೋಲೈಟುಗಳ ಕುಲದ್ದು. ಕಾಸಿದರೆ ನೀರನ್ನು ಬಿಟ್ಟು ನೊರೆಯುವುದರಿಂದ 'ಕುದಿಯುವ ಕಲ್ಲು' ಎಂಬ ಅರ್ಥದಲ್ಲಿ ಆ ಕುಲಕ್ಕೆ ಗ್ರೀಕಿನಿಂದ ಕಟ್ಟಿದ ಹೆಸರು ಬಂದದ್ದು. ನೀರನ್ನು ಕಾಣದೆ ಹೋದವರ ಹೆಸರು ನೀರು ತುಂಬಿದ ಕಲ್ಲಿನ ಮೇಲೆ ಇಂದಿಗೂ ಉಳಿದಿದೆ. ಇದನ್ನು ಹೇಳುವಾಗ ಅವರನ್ನು ಹಗುರಮಾಡುವ ಉದ್ದೇಶ ನನಗಿಲ್ಲ. ಅಂಕಿಗಳನ್ನು ಬಿಡಿಸಿ ಮುಂದಿಟ್ಟದ್ದರಿಂದಲೇ ಇನ್ನೂರು ವರ್ಷಗಳ ಮೇಲೆ ನಾವು ಭಾಗಾಕಾರ ಮಾಡಿ ನೋಡಲು ಸಾಧ್ಯವಾಯಿತು.

ಬಾಬಾಬುಡನೈಟಿನ ಕಥೆ ಬೇರೆ ಬಗೆಯದು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಮೊದಲ ಮುಖ್ಯಸ್ಥರು ಬ್ರೂಸ್ ಫೂಟ್. ಅವರ ಅನಂತರ ಆ ಹೊಣೆ ಹೊತ್ತವರು ಸ್ಮೀತ್. ಮೈಸೂರು ಸೀಮೆಯ ನೆಲದ ಚರಿತ್ರೆಗೆ ಮೊದಲ ಸಮಗ್ರವಾದ ಚೌಕಟ್ಟನ್ನು ಕಟ್ಟಿಕೊಟ್ಟವರು ಅವರು. ಕನಕಪುರ, ರಾಮನಗರ, ಮಾಗಡಿಗಳಿಂದ ತುಮಕೂರಿನ ಮಗ್ಗುಲಾಗಿ ಮಧುಗಿರಿ, ಪಾವಗಡಗಳವರೆಗೆ ಸಾಗುವ ಹೆಬ್ಬಂಡೆಗಳ ಸಾಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟವರೂ ಅವರೇ. ಕ್ಲೋಸ್‌ಪೇಟೆ ಎಂಬ ಊರು ಇಂದು ಆ ಹೆಸರಿನಲ್ಲಿಲ್ಲ. ಅದು ರಾಮನಗರವಾಗಿ ಬಹುಕಾಲವಾಯಿತು. ಊರು ಕಳಚಿಟ್ಟ ಹೆಸರನ್ನು ಬಂಡೆ ಇನ್ನೂ ಹೊತ್ತಿದೆ. ಸುಮಾರು 250 ಕೋಟಿ ವರ್ಷದ ಬಂಡೆಗೆ ನೂರು ವರ್ಷದ ಹೆಸರು ಅಷ್ಟೇನೂ ಭಾರವಾಗಿರಲಾರದು.

ಬಾಬಾಬುಡನ್ ಬೆಟ್ಟಗಳಲ್ಲಿ, ಕಬ್ಬಿಣದ ಅದಿರೂ ಬೆಣಚಿನ ಪದರಗಳೂ ಸೀರೆಯ ಪಟ್ಟಿಗಳಂತೆ ಒಂದರ ಮೇಲೊಂದು ಬಂದಿರುವ ಶಿಲೆಗಳಿವೆ. ಅಲ್ಲಿಯ ಒಂದು ಊರಿಗೆ ನಮ್ಮ ಜನ ಇಟ್ಟ ಹೆಸರು ಕೆಮ್ಮಣ್ಣುಗುಂಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದ. ಈ ಪಟ್ಟೆಶಿಲೆಯ ತೆಳುವಾದ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ತಿರುಗಿಸಿದಂತೆಲ್ಲ ನೀಲಿಯಿಂದ ನೇರಳೆಗೆ ಬಣ್ಣ ಬದಲಿಸುವ ಹರಳುಗಳು ಕಂಡುಬಂದವು. ಅವು ಆಂಫಿಬೋಲ್ ಎಂಬ ದೊಡ್ಡ ಕುಲಕ್ಕೆ ಸೇರಿದವೆಂಬುದು ಸ್ಪಷ್ಟ. ಆದರೆ ಗೊತ್ತಿದ್ದ ಯಾವ ಆಂಫಿಬೋಲಿನೊಂದಿಗೂ ತಕ್ಕಮಟ್ಟಿಗೆ ಹೊಂದುವಂತಿರಲಿಲ್ಲ. 1908ರಲ್ಲಿ ಸ್ಮೀತ್ ಅದಕ್ಕೆ ಬಾಬಾಬುಡನೈಟ್ ಎಂದು ಹೆಸರಿಟ್ಟರು. ನಮ್ಮ ಸೀಮೆಯಲ್ಲಿ ಹೆಸರಿನ ಕೊನೆಗೆ ಅಯ್ಯ ಎಂದೋ ಅಪ್ಪ ಎಂದೋ ಸೇರಿಸುವಂತೆ ಖನಿಜದ ಹೆಸರಿನ ಕೊನೆಗೆ 'ಐಟ್' ಸೇರಿಸುವುದು ಆ ಶಾಸ್ತ್ರದ ರೂಢಿ.

ಇಲ್ಲಿ ತಪ್ಪು ತೂಕವೂ ಇರಲಿಲ್ಲ, ಕಾಣದ ನೀರೂ ಇರಲಿಲ್ಲ. ವಸ್ತು ನಿಜ, ಅದು ಬೆಟ್ಟದಲ್ಲಿ ಇಂದಿಗೂ ಇದೆ. ಹಾಗಾದರೆ ಹೆಸರು ಹೋದದ್ದೇಕೆ?

ಆಂಫಿಬೋಲ್ ಕುಲದ ಖನಿಜಗಳನ್ನು ಒಂದೇ ನಕ್ಷೆಯಲ್ಲಿ ಕಟ್ಟಿದ ವಠಾರದ ಮನೆಗಳಿಗೆ ಹೋಲಿಸಬಹುದು. ಕೋಣೆಗಳ ಸಂಖ್ಯೆ, ಬಾಗಿಲು, ಗೋಡೆ ಎಲ್ಲವೂ ಒಂದೇ. ಒಳಗಿರುವ ಬಿಡಾರದವರು ಮಾತ್ರ ಬೇರೆ. ಒಂದು ಕೋಣೆಯಲ್ಲಿ ಸೋಡಿಯಂ, ಇನ್ನೊಂದರಲ್ಲಿ ಮೆಗ್ನೀಸಿಯಂ ಅಥವಾ ಕಬ್ಬಿಣ. ಇವರು ಒಬ್ಬರ ಜಾಗಕ್ಕೆ ಇನ್ನೊಬ್ಬರು ಸುಲಭವಾಗಿ ಬಂದು ಸೇರುತ್ತಾರೆ. ಇಬ್ಬರೂ ಯಾವುದೇ ಪ್ರಮಾಣದಲ್ಲಿ ಕೂಡಿ ಬಾಳಬಲ್ಲರು. ಪ್ರತಿಯೊಂದು ಪ್ರಮಾಣಕ್ಕೂ ಒಂದೊಂದು ಹೆಸರಿಡುತ್ತ ಹೋದರೆ ಹೆಸರಿಗೆ ಕೊನೆಯೇ ಇರುವುದಿಲ್ಲ. ಆಗಿದ್ದೂ ಹಾಗೆಯೇ. ಒಂದೊಂದು ದೇಶದ ವಿದ್ವಾಂಸರು ತಮ್ಮ ತಮ್ಮ ಬೆಟ್ಟದ, ನದಿಯ, ಗುರುಗಳ ಹೆಸರನ್ನು ಒಂದೊಂದು ಮಾದರಿಗೆ ಇಟ್ಟು, ಈ ಕುಲದ ಹೆಸರುಗಳು ತಜ್ಞರಿಗೇ ಬಿಡಿಸಲಾಗದ ಗೋಜಲಾದವು.

1958ರಲ್ಲಿ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘ ಸ್ಥಾಪನೆಯಾಯಿತು. ಮರುವರ್ಷ ಹೊಸ ಖನಿಜಗಳ ಹೆಸರುಗಳನ್ನು ಪರಿಶೀಲಿಸಲೆಂದೇ ಅದರ ಒಂದು ಸಮಿತಿಯಾಯಿತು. ಅಂದಿನಿಂದ ಯಾರೂ ತಮಗೆ ತೋಚಿದ ಹೆಸರನ್ನು ನೇರವಾಗಿ ಅಚ್ಚುಮಾಡಿಸುವಂತಿಲ್ಲ. ಧಾತುಗಳ ವಿಶ್ಲೇಷಣೆ, ಹರಳಿನ ರಚನೆ ಎಲ್ಲವನ್ನೂ ಒಪ್ಪಿಸಬೇಕು. ಸಮಿತಿಯ ಸದಸ್ಯರು ಮತ ಕೊಡಬೇಕು. ಮೂಲ ಮಾದರಿಯ ಚೂರನ್ನು ಒಂದು ವಸ್ತುಸಂಗ್ರಹಾಲಯದಲ್ಲಿ ಇಡಬೇಕು, ಯಾರಿಗೆ ಸಂಶಯ ಬಂದರೂ ಹೋಗಿ ನೋಡುವಂತಿರಬೇಕು. ಬದುಕಿರುವವರ ಹೆಸರನ್ನಿಡುವುದಾದರೆ ಅವರ ಒಪ್ಪಿಗೆ ಬೇಕು. ಕಂಡುಹಿಡಿದವನು ತನ್ನ ಹೆಸರನ್ನೇ ಇಟ್ಟುಕೊಳ್ಳುವಂತಿಲ್ಲ. ಈ ಒಂದು ನಿಯಮವನ್ನು ಬೇರೆ ಕೆಲವು ಕ್ಷೇತ್ರಗಳಿಗೂ ವಿಸ್ತರಿಸಿದ್ದರೆ ಚೆನ್ನಾಗಿತ್ತೆಂದು ನನಗೆ ಒಮ್ಮೊಮ್ಮೆ ತೋರುವುದುಂಟು.

ಈ ಸಂಘದ ಪರವಾಗಿ ಲೀಕ್ ಎಂಬವರ ನೇತೃತ್ವದಲ್ಲಿ ಆಂಫಿಬೋಲುಗಳ ಗೋಜಲನ್ನು ಬಿಡಿಸುವ ಕೆಲಸ ನಡೆದು, 1978ರಲ್ಲಿ ವರದಿ ಹೊರಬಂದಿತು. ಲೀಕ್ ಕೂಡ ಗ್ಲಾಸ್ಗೋ ವಿಶ್ವವಿದ್ಯಾನಿಲಯದವರೇ, ಥಾಮ್ಸನ್ನರು ಪಾಠ ಹೇಳಿದ ಸ್ಥಳದವರು. ವರದಿಯ ಮುಖ್ಯ ಸೂತ್ರ ಸರಳವಾದದ್ದು: ಕೋಣೆಯಲ್ಲಿ ಯಾರು ಅರ್ಧಕ್ಕಿಂತ ಹೆಚ್ಚೋ ಅವರ ಹೆಸರಿನಿಂದ ಖನಿಜವನ್ನು ಕರೆಯುವುದು. ಸೋಡಿಯಮ್ಮಿನ ಈ ನೀಲಿ ಆಂಫಿಬೋಲುಗಳಲ್ಲಿ ಕಬ್ಬಿಣ ಮೇಲುಗೈಯಾದರೆ ರೀಬೆಕೈಟ್. ಮೆಗ್ನೀಸಿಯಂ ಮೇಲುಗೈಯಾದರೆ ಮೆಗ್ನೀಸಿಯೋ-ರೀಬೆಕೈಟ್. ನಮ್ಮ ಬೆಟ್ಟದ ಕಲ್ಲು ಎರಡನೆಯದು. ಕೈಬಿಡಬೇಕಾದ ಹೆಸರುಗಳ ಉದ್ದನೆಯ ಯಾದಿಯಲ್ಲಿ ಬಾಬಾಬುಡನೈಟ್ ಸೇರಿತು.

ರೀಬೆಕ್ ಎಂಬುವರು ಯಾರು? ಎಮಿಲ್ ರೀಬೆಕ್, ಜರ್ಮನಿಯ ಒಬ್ಬ ಪ್ರವಾಸಿ. ಅರಬ್ಬೀ ಸಮುದ್ರದಲ್ಲಿ ಯೆಮೆನ್ನಿಗೆ ಸೇರಿದ ಸೊಕೋಟ್ರಾ ದ್ವೀಪದಿಂದ ತಂದ ಕಲ್ಲುಗಳಲ್ಲಿ ಈ ಖನಿಜ ಕಂಡು, 1888ರಲ್ಲಿ ಅವರ ಹೆಸರನ್ನು ಇಡಲಾಯಿತು. ಮೊದಲು ಬಂದವರಿಗೆ ಮೊದಲ ಹಕ್ಕು. ನಮ್ಮದು ಇಪ್ಪತ್ತು ವರ್ಷ ತಡವಾಯಿತು. ಯೆಮೆನ್ನಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ನೆಟ್ಟರೆಂದು ಬಾಬಾಬುಡನರ ವಿಷಯದಲ್ಲಿ ಐತಿಹ್ಯವಿದೆ. ಆ ಕಡಲಿನ ಆಚೆಯಿಂದ ಬೆಟ್ಟಕ್ಕೆ ಕಾಫಿ ಬಂತು; ಬೆಟ್ಟದ ಕಲ್ಲಿನ ಹೆಸರು ಆ ಕಡಲಿನ ದ್ವೀಪವೊಂದಕ್ಕೆ ಕಾಲಿಟ್ಟವನ ಹೆಸರಿನಲ್ಲಿ ಮುಳುಗಿತು. ಇದು ಕೇವಲ ಕಾಕತಾಳೀಯ. ಆದರೂ ಹೇಳದೆ ಇರಲು ಮನಸ್ಸಾಗದು.

'ಇದೆಲ್ಲ ಪರದೇಶದವರು ಕೂಡಿ ನಮ್ಮ ಹೆಸರುಗಳನ್ನು ಅಳಿಸಿದ ಕಥೆಯಲ್ಲವೆ?' ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವವನಲ್ಲ. ಹೆಸರಿಟ್ಟವರೂ ಅವರೇ, ತೆಗೆದವರೂ ಅವರೇ. ನಡುವೆ ನಮ್ಮನ್ನು ಕೇಳಿದವರಿಲ್ಲ ಎಂಬುದು ನಿಜ. ಆದರೆ ಇದೇ ವಿಂಗಡಣೆ ನಮ್ಮ ಕಡೆಗೆ ವಾಲಿದ ಒಂದು ಪ್ರಸಂಗವೂ ಉಂಟು. ನಮ್ಮ ಜಿಲ್ಲೆಯ ಪಾವಗಡದ ಕಡೆಯೂ ದೊರೆಯುವ, ಸಾಣೆ ಹಿಡಿಯುವವರು ಬಳಸುವ ಒಂದು ಗಡಸು ಕಲ್ಲಿದೆ. ಸಂಸ್ಕೃತದಲ್ಲಿ ಅದು ಕುರುವಿಂದ, ತಮಿಳಿನಲ್ಲಿ ಕುರುಂದಂ. ಈ ಮಾತೇ ಯೂರೋಪಿಗೆ ಹೋಗಿ ಕೊರಂಡಂ ಆಯಿತು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬವರು ಏಷ್ಯದ ಈ ಕಲ್ಲನ್ನು ಕುರಿತು ರಾಯಲ್ ಸೊಸೈಟಿಯ ಮುಂದೆ ಪ್ರಬಂಧವನ್ನು ಓದಿಸಿದರು. ಹರಳಿನ ಆಕಾರವನ್ನು ಅಳೆದು, ಧಾತುಗಳನ್ನು ಬಿಡಿಸಿ ನೋಡಿದಾಗ ತಿಳಿದುಬಂದದ್ದೇನು? ರಾಜರ ಕಿರೀಟದ ಮಾಣಿಕ್ಯವೂ ಇಂದ್ರನೀಲವೂ ಚಾಕು ಮಸೆಯುವವನ ಈ ಬಡಕಲ್ಲೂ ಒಂದೇ ಖನಿಜ, ಅಲ್ಯೂಮಿನಿಯಮ್ಮಿನ ಆಕ್ಸೈಡು. ಕ್ರೋಮಿಯಂ ತುಸು ಬೆರೆತರೆ ಕೆಂಪು. ಮಾಣಿಕ್ಯ ಎಂಬುದು ಖನಿಜದ ಹೆಸರಾಗಿ ಉಳಿಯಲಿಲ್ಲ, ಅದೊಂದು ಬಗೆಯೆನಿಸಿತು. ಖನಿಜದ ಹೆಸರಾಗಿ ಉಳಿದದ್ದು ಸಾಣೆಗಾರನ ಮಾತು. ನಮ್ಮ ರತ್ನಶಾಸ್ತ್ರಗಳು ಕುರುವಿಂದವನ್ನು ಮಾಣಿಕ್ಯದ ಒಂದು ಭೇದವೆಂದು ಹಿಂದೆಯೇ ಹೇಳಿದ್ದವೆಂಬುದನ್ನು ನೆನೆದರೆ, ಆ ನಂಟಿನ ವಾಸನೆ ನಮ್ಮವರಿಗೂ ಬಡಿದಿತ್ತೆಂದು ತೋರುತ್ತದೆ.

ಆದ್ದರಿಂದ ಎರಡು ರದ್ದತಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಒಂದೇ ಅಲ್ಲ. ಮೈಸೋರಿನ್ ಹೋದದ್ದಕ್ಕೆ ನನಗೆ ಲವಲೇಶವೂ ದುಃಖವಿಲ್ಲ. ಇಲ್ಲದ ವಸ್ತುವಿನ ಮೇಲೆ ಮೈಸೂರಿನ ಹೆಸರಿದ್ದರೆ ಅದು ಮೈಸೂರಿಗೆ ಗೌರವವಲ್ಲ. ಬಾಬಾಬುಡನೈಟ್ ಹೋದದ್ದು ಶಾಸ್ತ್ರದ ದೃಷ್ಟಿಯಿಂದ ಸರಿಯೇ. ಕುಲದ ಹೆಸರು ಗೊತ್ತಿದ್ದರೆ ಕುಲದ ಗುಣವೂ ದೋಷವೂ ಥಟ್ಟನೆ ನೆನಪಿಗೆ ಬರುತ್ತದೆ. ರೀಬೆಕೈಟ್ ನಾರುನಾರಾಗಿ ಬೆಳೆದಾಗ ಆಗುವುದೇ ನೀಲಿ ಕಲ್ನಾರು. ಅದರ ಧೂಳು ಶ್ವಾಸಕೋಶಕ್ಕೆ ಎಷ್ಟು ಮಾರಕವೆಂಬುದು ಇಂದು ಎಲ್ಲ ದೇಶಗಳ ವೈದ್ಯರಿಗೂ ಗೊತ್ತು. ನಮ್ಮ ಬೆಟ್ಟದ ಹರಳು ಅಂಥ ನಾರು ಎಂದು ನಾನು ಹೇಳುತ್ತಿಲ್ಲ. ಅಂಥದೊಂದು ಕುಲಕ್ಕೆ ಸೇರಿದ್ದೆಂಬುದನ್ನು ಮೆಗ್ನೀಸಿಯೋ-ರೀಬೆಕೈಟ್ ಎಂಬ ಹೆಸರು ಓದಿದವರಿಗೆ ಕೂಡಲೇ ತಿಳಿಸುತ್ತದೆ, ಬಾಬಾಬುಡನೈಟ್ ಎಂಬ ಹೆಸರು ತಿಳಿಸುತ್ತಿರಲಿಲ್ಲ. ಕಲ್ಲು ಒಡೆಯುವ ಕೂಲಿಯವನ ಆರೋಗ್ಯದ ಪ್ರಶ್ನೆ ಬಂದಾಗ ಬೆಟ್ಟದ ಅಭಿಮಾನ ಹಿಂದೆ ಸರಿಯಬೇಕು.

ಆದರೂ ಅಲ್ಲಿ ಏನೋ ಒಂದನ್ನು ಕಳೆದುಕೊಂಡೆವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೆಗ್ನೀಸಿಯೋ-ರೀಬೆಕೈಟ್ ಎಂಬ ಹೆಸರು ಧಾತುವನ್ನು ಹೇಳುತ್ತದೆ, ಕುಲವನ್ನು ಹೇಳುತ್ತದೆ. ಯಾವ ಬೆಟ್ಟ, ಯಾವ ಪಟ್ಟೆಶಿಲೆ ಎಂಬುದನ್ನು ಹೇಳುವುದಿಲ್ಲ. ಈ ಹೆಸರಿನ ಖನಿಜ ಲೋಕದಲ್ಲಿ ಬೇರೆಡೆಗಳಲ್ಲೂ ಉಂಟು. ಕಬ್ಬಿಣದ ಪದರಗಳ ನಡುವೆ ಈ ನೀಲಿ ನೇರಳೆಯ ಹರಳು ಹುಟ್ಟಲು ಸೋಡಿಯಂ ಎಲ್ಲಿಂದ ಬಂತು, ಎಷ್ಟು ಕಾವು ಬೇಕಾಯಿತು ಎಂದು ಕೇಳುವವರಿಗೆ ಆ ನಿರ್ದಿಷ್ಟವಾದ ಸ್ಥಳವೇ ಬೇಕು. ಹಳೆಯ ಹೆಸರು ಬಾಯಿ ಬಿಟ್ಟೊಡನೆ ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿತ್ತು.

ಈ ಕೊರತೆಯನ್ನು ತುಂಬಲು ವಸ್ತುಸಂಗ್ರಹಾಲಯಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಖನಿಜದ ಹೆಸರು ಬದಲಾದಾಗ ಮಾದರಿಯ ಜೊತೆಗಿರುವ ಹಳೆಯ ಚೀಟಿಯನ್ನು ಹರಿದು ಎಸೆಯುವುದಿಲ್ಲ. ಹೊಸ ಹೆಸರನ್ನು ಬೇರೊಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡುತ್ತಾರೆ. ಎಲ್ಲಿ ಸಿಕ್ಕಿತು, ಯಾರು ತಂದರು, ಯಾವ ವರ್ಷ ಎಂಬ ವಿವರ ಮೊದಲ ಚೀಟಿಯಲ್ಲಿ, ಆ ಕಾಲದವರ ಕೈಬರಹದಲ್ಲಿಯೇ ಉಳಿಯುತ್ತದೆ. ಮೂರು ಸಲ ಹೆಸರು ಬದಲಾದ ಕಲ್ಲಿನ ಪೆಟ್ಟಿಗೆಯಲ್ಲಿ ಮೂರು ಚೀಟಿಗಳಿರುತ್ತವೆ, ಕಲ್ಲು ಒಂದೇ.